ಹದಿಮೂರನೇ ಕಾಲಂ

"ಮೂರು ದಿನ! ಮನೇಲಿ ಒಂದು ಜೀವ ಇಲ್ಲ ಅಂತ ಮೂರು ದಿನ ನಿನಗೆ ಗೊತ್ತಾಗಲಿಲ್ವೇನೋ? ಸಾಕಿದ ಬೆಕ್ಕು ಕಳೆದಿದ್ರೂ ಇಷ್ಟೊತ್ತಿಗೆ ಬೀದಿ ಬೀದಿ ಹುಡುಕ್ತಿದ್ದೆ!"

"ನಿನ್ನ ಮನೇಲಿದ್ದಾಳೆ ಅಂದ್ಕೊಂಡೆ. ಒಂದು ಫೋನ್ ಮಾಡೋಕೆ ನಿನಗೇನು ಧಾಡಿ?"

"ನನ್ನ ಮನೆಗೆ ಅಕ್ಕ ಬಂದು ಎರಡು ವರ್ಷ ಆಯ್ತು."

"ನೀನು ಕರೆದಿದ್ರೆ ತಾನೆ ಅವಳು ಬರೋಕೆ!"

ಮುಖ್ಯಪೇದೆ ಮೇಜಿನ ಮೇಲೆ ಅಂಗೈ ಬಡಿದ. ಮಸಿಯ ಬಾಟಲಿ ಅಲುಗಿತು. "ಬಾಯಿ ಮುಚ್ರೀ ಇಬ್ಬರೂ. ಇದು ಠಾಣೆ, ನಿಮ್ಮ ಮನೆ ಪಡಸಾಲೆ ಅಲ್ಲ. ಕಾಣೆಯಾದವಳನ್ನ ಹುಡುಕಬೇಕೋ, ನಿಮ್ಮ ಪಂಚಾಯಿತಿ ಮಾಡಬೇಕೋ?"

ತಾರೀಕು ಹದಿನಾಲ್ಕು, ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತು. ಬೆಂಚಿನ ಮೇಲೆ ಮೂವರು ಕೂತಿದ್ದರು. ಅಂಗಡಿಗಳಿಗೆ ಬೋರ್ಡು ಬರೆಯುವ ನಲವತ್ತಾರರ ತಮ್ಮ, ಎಲ್ಲರೂ ಅವನನ್ನು ಪೇಂಟರ್ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಅವನ ಹೆಂಡತಿ. ಬೆಂಚಿನ ಇನ್ನೊಂದು ತುದಿಗೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಊರಿನ ಆಚೆ ಬದಿಯಲ್ಲಿ ಗಂಡನ ಮನೆಯಲ್ಲಿರುವ ತಂಗಿ. ಕಾಣೆಯಾದವಳು ಇವರಿಬ್ಬರ ಅಕ್ಕ. ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲೇ ಇದ್ದು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು, ಹಗಲು ಒಂದು ಪುಸ್ತಕದ ಬೈಂಡಿಂಗ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಶುಕ್ರವಾರ ಹನ್ನೊಂದನೇ ತಾರೀಕು ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆಂದು ಹೋದವಳು ಹಿಂತಿರುಗಿರಲಿಲ್ಲ.

ಮುಖ್ಯಪೇದೆ ಫಾರಂ ಎಳೆದುಕೊಂಡ. ಇಪ್ಪತ್ತೆರಡು ಕಾಲಂಗಳ ಫಾರಂ. ಒಂದು ಕಾಲಂ ಖಾಲಿ ಬಿಟ್ಟರೂ ಯಾರ ಮುಖಕ್ಕಾದರೂ ಅದನ್ನು ಎಸೆಯುವವನಾದ್ದರಿಂದ ಇಡೀ ಠಾಣೆ ಅವನನ್ನು 'ಕಾಲಂ' ಎನ್ನುತ್ತಿತ್ತು. ಇನ್‌ಸ್ಪೆಕ್ಟರ್ ಕೂಡ. ಅವನಿಗೆ ಇನ್ನೊಂದು ಚಾಳಿಯಿತ್ತು. ಪ್ರತಿ ಉತ್ತರದ ಪಕ್ಕದಲ್ಲಿ, ಅದನ್ನು ಹೇಳಿದವರು ಯಾರೆಂದು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದುಕೊಳ್ಳುತ್ತಿದ್ದ. ಹಿಂದೊಮ್ಮೆ ಕಾಣೆಯಾದ ಮುದುಕನೊಬ್ಬನದು ಎಡಗಾಲು ಕುಂಟು ಎಂದು ಬರೆದಿದ್ದ. ಕುಂಟು ಬಲಗಾಲಾಗಿತ್ತು. ಹೆಣ ಎರಡು ವಾರ ಶವಾಗಾರದಲ್ಲಿ ದಿಕ್ಕಿಲ್ಲದೆ ಬಿದ್ದಿತ್ತು. ಕೇಳಿದಾಗ ಮನೆಯವರೆಲ್ಲ 'ನಾನು ಹೇಳಲಿಲ್ಲ' ಅಂದಿದ್ದರು. ಅಂದಿನಿಂದ ಅವನ ಕಿವಿಯ ಮೇಲೆ ಪೆನ್ಸಿಲು ಏರಿ ಕೂತಿತ್ತು.

"ವಯಸ್ಸು?"

"ಐವತ್ತು," ಅಂದ ಪೇಂಟರ್.

"ಐವತ್ತೊಂದು ತುಂಬಿದೆ," ಅಂದಳು ತಂಗಿ.

"ಎತ್ತರ?"

"ನನ್ನ ಹೆಗಲಿಗೆ ಬರ್ತಾಳೆ."

"ಏನೋ ಹೆಗಲು? ನಿನ್ನ ಕಿವಿಗೆ ಬರ್ತಾಳೆ ಅಕ್ಕ."

"ಅಳತೆಪಟ್ಟಿ ಹಿಡಿದು ನೋಡಿದ್ಯೇನೆ ನೀನು?"

"ಗುರುತಿನ ಮಚ್ಚೆ, ಗಾಯ?" ಕಾಲಂ ಗದರಿದ.

"ಬಲಗೈ ಮೇಲೆ ಸುಟ್ಟ ಕಲೆ," ಅಂದಳು ತಂಗಿ. "ಎಡಗೈ," ಅಂದಳು ಪೇಂಟರನ ಹೆಂಡತಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾವ ಕೈ ಎಂದು ಯಾರಿಗೂ ನಿಕ್ಕಿ ಇರಲಿಲ್ಲ.

"ಬಟ್ಟೆ?"

ಪೇಂಟರ್ ಸೀಲಿಂಗ್ ನೋಡಿದ. "ಕೆಲಸಕ್ಕೆ ಹಾಕೋ ಕೋಟು. ಬೂದು... ಇಲ್ಲ ನೀಲಿ. ಬೆಳಿಗ್ಗೆ ಅವಸರದಲ್ಲಿ ಯಾರು ನೋಡ್ತಾರೆ ಸಾರ್?"

"ಕನ್ನಡಕ ಇದೆಯಾ?"

"ಇದೆ. ಕಂದು ಫ್ರೇಮು. ಸುಟ್ಟ ಇಟ್ಟಿಗೆ ಥರ, ಸ್ವಲ್ಪ ಕೆಂಪು ಬೆರೆತ ಕಂದು. ಕಿವಿ ಹತ್ತಿರ ಒಂದೊಂದು ಚಿನ್ನದ ಬಣ್ಣದ ಚುಕ್ಕಿ."

ಹೆಂಡತಿ ಅವನತ್ತ ತಿರುಗಿದಳು. "ಕರಿದಲ್ವಾ ಅತ್ತಿಗೆದು?"

"ಕಂದು. ಬಣ್ಣದ ವಿಷಯ ನನಗೆ ಹೇಳಿಕೊಡ್ತೀಯ?"

ಕಾಲಂ ಹದಿಮೂರನೇ ಕಾಲಮಿನಲ್ಲಿ ಅವನು ಹೇಳಿದ್ದನ್ನೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ 'ತಮ್ಮ' ಎಂದು ಗೀಚಿದ. ಇಡೀ ಫಾರಂನಲ್ಲಿ ತಡವರಿಸದೆ ಬಂದ ಉತ್ತರ ಅದೊಂದೇ. ಬೋರ್ಡು ಬರೆಯುವವನ ಕಣ್ಣು, ಬಣ್ಣ ನೆನಪಿರುತ್ತದೆ ಎಂದುಕೊಂಡ.

ಫೋಟೊ ಕೇಳಿದಾಗ ತಂಗಿ ತನ್ನ ಮದುವೆಯ ಫೋಟೊ ಕೊಟ್ಟಳು. ಹದಿನೆಂಟು ಜನ ನಿಂತಿದ್ದರು. ಅಕ್ಕ ಬಲತುದಿಯಲ್ಲಿದ್ದಳು. ಯಾರದೋ ಮಗುವನ್ನು ಎತ್ತಿಕೊಂಡಿದ್ದಳು. ಮಗುವಿನ ತಲೆ ಅವಳ ಮುಖಕ್ಕೆ ಅಡ್ಡ ಬಂದಿತ್ತು.

"ಬೇರೆ?"

"ಬೇರೆದರಲ್ಲೆಲ್ಲ ಫೋಟೊ ತೆಗೆದವಳು ಅವಳೇ ಸಾರ್."

ಕಾಲಮಿನ ಮೈ ಉರಿದುಹೋಯಿತು. "ಇಷ್ಟು ವರ್ಷ ಒಟ್ಟಿಗಿದ್ರಿ. ಒಂದು ಮುಖ ಇಲ್ವಲ್ರೀ ನಿಮ್ಮ ಹತ್ರ! ನಾನೇನು ಮಗು ತಲೆ ಹಿಡ್ಕೊಂಡು ಊರೆಲ್ಲ ಹುಡುಕ್ಲಾ?"

ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಕಾಣೆಯಾದ ಪ್ರಕರಣ, ಅಪರಾಧ ಸಂಖ್ಯೆ ಅರವತ್ತೊಂದು. ಚಹರೆ ವಿವರ ಎಲ್ಲ ಠಾಣೆಗಳಿಗೂ ವೈರ್‌ಲೆಸ್‌ನಲ್ಲಿ ಹೋಯಿತು. ಕಂದು ಫ್ರೇಮಿನ ಕನ್ನಡಕವೂ ಹೋಯಿತು. ಫೋನು ಶುಕ್ರವಾರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಬೈಂಡಿಂಗ್ ಕಾರ್ಖಾನೆಯ ಆಸುಪಾಸಿನಲ್ಲೇ ಸತ್ತಿತ್ತು ಎಂದು ಮಧ್ಯಾಹ್ನ ತಿಳಿಯಿತು.

*

ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಕೋಣೆ. ಒಂದು ಬದಿ ಕಾಗದ ಕತ್ತರಿಸುವ ಯಂತ್ರ, ಇನ್ನೊಂದು ಬದಿ ಹೊಲಿಯುವ ಹೆಂಗಸರು. ನಡುವೆ ಗೋಂದಿನ ಡಬ್ಬಿಯ ಮುಂದೆ ಕೂತ ಮುದುಕನ ಕೈಬೆರಳಿನ ಸಂದುಗಳೆಲ್ಲ ಒಣಗಿದ ಗೋಂದಿನಿಂದ ಬೆಳ್ಳಗಾಗಿದ್ದವು. ಎಲ್ಲರೂ ಅವನನ್ನು ಗೋಂದಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅವಳ ಎದುರಿಗೇ ಕೂತು ಕೆಲಸ ಮಾಡಿದವನು.

"ಮಾತು ಕಮ್ಮಿ ಸಾರ್ ಅವಳದು. ಆದ್ರೆ ಒಂದು ಮಾತಾಡಿದ್ರೆ ಎದುರಿಗಿದ್ದೋನಿಗೆ ಎರಡು ದಿನ ನಿದ್ದೆ ಬರಬಾರದು, ಹಾಗೆ."

"ಶುಕ್ರವಾರ ಎಷ್ಟೊತ್ತಿಗೆ ಹೋದಳು?"

"ನಾಲ್ಕೂವರೆ. ಅರ್ಧ ಗಂಟೆ ಮುಂಚೆ. ಹೊಸ ಕನ್ನಡಕ ತರೋಕೆ."

ಕಾಲಂ ತಲೆ ಎತ್ತಿದ. "ಹೊಸದಾ? ಹಳೇದು ಹೇಗಿತ್ತು?"

"ಕರಿದು. ಎಡಗಡೆ ಕಡ್ಡಿ ಮುರಿದು ಮೂರು ತಿಂಗಳಾಗಿತ್ತು. ಇಲ್ಲಿನ ಹೊಲಿಗೆ ದಾರಾನೇ ಸುತ್ತಿಕೊಂಡಿದ್ಲು. 'ಏನಮ್ಮ, ಕನ್ನಡಕಕ್ಕೂ ಬೈಂಡಿಂಗಾ' ಅಂತ ರೇಗಿಸ್ತಿದ್ದೆ. 'ಪುಸ್ತಕಕ್ಕೆ ಬೆನ್ನು ಕಟ್ತೀನಿ, ನನಗೆ ಕಟ್ಟೋರು ಯಾರು ಗೋಂದಣ್ಣ' ಅಂದ್ಲು."

ಕನ್ನಡಕದ ಅಂಗಡಿ ಎರಡು ಬೀದಿ ಆಚೆಗಿತ್ತು. ಅಂಗಡಿಯವನು ಡೆಲಿವರಿ ಪುಸ್ತಕ ತೆರೆದು ತೋರಿಸಿದ. ತಾರೀಕು ಹನ್ನೊಂದು, ಸಂಜೆ ಐದು ಹತ್ತು, ಅವಳ ಸಹಿ. ಕಂದು ಫ್ರೇಮು, ಕಿವಿಯ ಬಳಿ ಚಿನ್ನದ ಬಣ್ಣದ ಚುಕ್ಕಿ.

"ಅದಕ್ಕೆ ಮುಂಚೆ ಯಾವತ್ತಾದ್ರೂ ಮನೆಗೆ ತಗೊಂಡು ಹೋಗಿದ್ರಾ?"

"ಇಲ್ಲ ಸಾರ್. ಫ್ರೇಮೇ ಬೇರೆ ಊರಿಂದ ಬಂದದ್ದು ಅವತ್ತು ಮಧ್ಯಾಹ್ನ. ಗಾಜು ಕೂರಿಸಿದ್ದು ನಾಲ್ಕಕ್ಕೆ. ಇಲ್ಲೇ ಹಾಕ್ಕೊಂಡು, ಬಾಗಿಲಲ್ಲಿ ನಿಂತು ಎದುರಿನ ಬೋರ್ಡನ್ನೆಲ್ಲ ಜೋರಾಗಿ ಓದಿದ್ರು. ಮಗು ಥರ. ಹಳೇದು ಇಲ್ಲೇ ಬಿಟ್ಟು ಹೋದ್ರು, ನೋಡಿ."

ಖಾನೆಯಿಂದ ಕರಿಯ ಕನ್ನಡಕ ಹೊರಬಂತು. ಎಡಗಡೆ ಕಡ್ಡಿಗೆ ಬಿಳಿ ದಾರ, ಒತ್ತೊತ್ತಾಗಿ ಹನ್ನೆರಡು ಸುತ್ತು.

ಕಾಲಂ ಅಲ್ಲೇ ನಿಂತು ಫಾರಂ ಬಿಚ್ಚಿದ. ಹದಿಮೂರನೇ ಕಾಲಂ. ಪಕ್ಕದಲ್ಲಿ ಅವನದೇ ಪೆನ್ಸಿಲಿನ ಅಕ್ಷರ. ಬೆಳಗ್ಗೆ ಎಂಟಕ್ಕೆ ಕೊನೆಯ ಸಲ ನೋಡಿದ್ದೇನೆ ಎನ್ನುವವನು ಸಂಜೆ ಐದು ಹತ್ತಕ್ಕೆ ಮೂಗೇರಿದ ಕನ್ನಡಕದ ಚುಕ್ಕಿಯನ್ನು ಹೇಗೆ ಎಣಿಸಿದ? ಅಂಗಡಿಯವನು ಕುರ್ಚಿ ಕೊಟ್ಟ. ಕಾಲಂ ಕೂರಲಿಲ್ಲ. ಕರಿಯ ಕನ್ನಡಕಕ್ಕೆ ಇಬ್ಬರು ಸಾಕ್ಷಿಗಳ ಮುಂದೆ ಮಹಜರು ಬರೆದು, ಲಕೋಟೆಗೆ ಹಾಕಿ ಅರಗು ಒತ್ತಿದ.

ಠಾಣೆಗೆ ಬಂದು ಹೇಳಿದ್ದನ್ನೆಲ್ಲ ಇನ್‌ಸ್ಪೆಕ್ಟರ್ ಕೇಳಿಸಿಕೊಂಡರು. ಅವರದು ಕಡಿಮೆ ಮಾತಿನ ಜಾಯಮಾನ.

"ಈಗಲೇ ಎಳಕೊಂಡು ಬರ್ಲಾ ಸಾರ್?" ಕಾಲಂ ಹಲ್ಲು ಕಡಿದ.

"ಬೇಡ. ಹೊಸ ಕನ್ನಡಕ ಬರುತ್ತೆ ಅಂತ ಅಕ್ಕ ಮನೇಲಿ ಹೇಳಿದ್ಲು, ಬಣ್ಣಾನೂ ಹೇಳಿದ್ಲು ಅಂತಾನೆ. ಆಗೇನು ಮಾಡ್ತೀರಿ? ಬೆಳಿಗ್ಗೆ ಅವಳ ಮೂಗಿನ ಮೇಲೆ ಏನಿತ್ತು ಅಂತ ಮನೆಯವರೇ ಒಬ್ಬರು ಹೇಳ್ಬೇಕು. ಆ ಮನೇಲಿ ಇನ್ನೊಬ್ಬರು ಇದ್ದಾರಲ್ಲ?"

"ತಾಯಿ. ಅರಳುಮರಳು ಅಂದ್ರು ಸಾರ್."

"ಯಾರು ಅಂದ್ರು?"

ಕಾಲಂ ಫಾರಂ ನೋಡಿದ. ಪೆನ್ಸಿಲಿನಲ್ಲಿ 'ತಮ್ಮ' ಎಂದಿತ್ತು.

ಅಂದು ಸಂಜೆ ಮನೆಗೆ ಹೋದಾಗ ಕಾಲಂ ತನ್ನ ಹೆಂಡತಿಯ ಚಪ್ಪಲಿಯ ಬಣ್ಣ ಯಾವುದೆಂದು ಬಾಗಿಲು ತಲುಪುವ ಮುಂಚೆಯೇ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಯಾರ ಮೇಲೋ ಸಿಟ್ಟು ಬಂತು. ಊಟ ಮಾಡದೆ ಮಲಗಿದ.

*

ಮಂಗಳವಾರ ಬೆಳಗ್ಗೆ ಒಂಬತ್ತೂವರೆ. ಪೇಂಟರ್ ಕೆಲಸಕ್ಕೆ ಹೋದದ್ದನ್ನು ನೋಡಿಕೊಂಡೇ ಕಾಲಂ ಅವನ ಮನೆಗೆ ಹೋದ. ಹೆಂಡತಿ ಹಿಂದಿನ ಕೋಣೆ ತೋರಿಸಿ, ಮೂಗಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ಕೋಣೆ ನಾರುತ್ತಿತ್ತು. ಶುಕ್ರವಾರದಿಂದ ಯಾರೂ ಹಾಸಿಗೆ ಬದಲಿಸಿರಲಿಲ್ಲ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದ ಮುದುಕಿ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ಮಾತ್ರ ಸೂಜಿಯಷ್ಟು ಚೂಪು.

"ಪೊಲೀಸಪ್ಪನಾ? ಬಾ. ಬರೋಕೆ ಇಷ್ಟು ದಿನ ಬೇಕಾಯ್ತಾ?"

"ನಿಮ್ಮ ಮಗಳ ವಿಷಯ ಕೇಳ್ಬೇಕಿತ್ತು ಅಮ್ಮಾ."

"ಕೇಳು. ಯಾರೂ ಕೇಳಲಿಲ್ಲ ನನ್ನ."

ಕಾಲಂ ಹೊಸ ಫಾರಂ ತೆಗೆದ. ಮುದುಕಿ ಒಂದೇ ಉಸಿರಿಗೆ ಹೇಳುತ್ತ ಹೋದಳು. ಎತ್ತರ, ಆ ಕಿಟಕಿಯ ನಾಲ್ಕನೇ ಸರಳಿಗೆ ಅವಳ ನೆತ್ತಿ ತಾಗುತ್ತದೆ, ಅಳೆದುಕೋ. ಸುಟ್ಟ ಕಲೆ ಎರಡೂ ಕೈಗಿದೆ, ಬಲದ್ದು ತಮ್ಮನಿಗೆ ನೀರು ಕಾಯಿಸುವಾಗ, ಎಡದ್ದು ನನಗೆ. ಗದ್ದದ ಕೆಳಗೆ ಅಕ್ಕಿಕಾಳಿನಷ್ಟು ಗಾಯ. ಎಡ ದವಡೆಯಲ್ಲಿ ಎರಡು ಹಲ್ಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಶುಕ್ರವಾರ ಉಟ್ಟದ್ದು ನೀಲಿ, ಮೇಲೆ ಬೂದು ಕೋಟು, ಕೋಟಿನ ಎರಡನೇ ಗುಂಡಿ ಬೇರೆ ಬಣ್ಣದ್ದು.

ಕಾಲಮಿನ ಕೈ ನೋಯತೊಡಗಿತು. ಇಪ್ಪತ್ತು ವರ್ಷದಲ್ಲಿ ಇಷ್ಟು ತುಂಬಿದ ಫಾರಂ ಅವನು ಬರೆದಿರಲಿಲ್ಲ.

"ಕನ್ನಡಕ?"

"ಕರಿದು. ಅವತ್ತು ಬೆಳಿಗ್ಗೆ ದಾರ ಬಿಚ್ಚಿಕೊಂಡಿತ್ತು. ನಾನೇ ಕಟ್ಟಿಕೊಟ್ಟೆ. ಕೈ ಇನ್ನೂ ಸತ್ತಿಲ್ಲ ನಂದು. ಹನ್ನೆರಡು ಸುತ್ತು. 'ಇವತ್ತು ಸಂಜೆವರೆಗೆ ಬಂದ್ರೆ ಸಾಕಮ್ಮ, ಹೊಸದು ಬರುತ್ತೆ' ಅಂದ್ಲು."

"ಹೊಸದು ಯಾವ ಬಣ್ಣ ಅಂತ ಹೇಳಿದ್ರಾ?"

"ಕೇಳಿದೆ. 'ಕಣ್ಣಾರೆ ನೋಡುವಂತೆ, ಈಗ ಹೇಳಲ್ಲ' ಅಂದ್ಲು."

ಕಾಲಂ ಪೆನ್ಸಿಲಿನಲ್ಲಿ 'ತಾಯಿ' ಎಂದು ಬರೆದ.

"ಮನೆ ಬಿಟ್ಟು ಹೋಗೋ ಯೋಚನೆ ಏನಾದ್ರೂ ಇತ್ತಾ ಅವರಿಗೆ?"

ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ರೂಮು ನೋಡಿದ್ದಾಳೆ. ಕಾರ್ಖಾನೆ ಹಿಂದಿನ ಗಲ್ಲಿ, ಹೊರಗಡೆ ಮೆಟ್ಟಿಲಿರೋ ಮನೆ. ನಾನೇ ಹೋಗು ಅಂದೆ. ಹನ್ನೊಂದು ವರ್ಷ ನನ್ನ ಬಳಿದಿದ್ದು ಸಾಕು, ನಿನ್ನ ತಮ್ಮನೂ ಹೊಟ್ಟೇಲಿ ಹುಟ್ಟಿದೋನೇ, ಅವನು ನೋಡ್ಕೊಳ್ಳಲಿ ಅಂದೆ. ಶುಕ್ರವಾರ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ನಾನೇ ಬಾಯಿಬಿಟ್ಟೆ. ಅವಳ ಟ್ರಂಕು ಭಾರ ಇದೆ, ಸಂಜೆ ಆ ರೂಮಿಗೆ ಹೊತ್ತುಕೊಂಡು ಹೋಗಿ ಕೊಡಪ್ಪಾ ಅಂತ."

"ಅವನೇನಂದ?"

"ಅನ್ನೋದೇನು? ತಟ್ಟೆ ತಳ್ಳಿ ಎದ್ದುಹೋದ. ಥೇಟು ಅವರಪ್ಪ. ಆ ಮನುಷ್ಯ ಬದುಕಿರೋವರೆಗೂ ಒಂದು ಲೋಟ ನೀರು ತಾನಾಗಿ ಬಗ್ಗಿಸಿ ಕುಡಿದೋನಲ್ಲ." ಮುದುಕಿ ಮಂಚದ ಕೆಳಗೆ ಕೈ ತೋರಿಸಿದಳು. ಟ್ರಂಕು ಹಗ್ಗ ಕಟ್ಟಿಸಿಕೊಂಡು ಅಲ್ಲೇ ಕೂತಿತ್ತು.

*

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್, ಕಾಲಂ ಮತ್ತು ಇಬ್ಬರು ಪೇದೆಗಳು ಆ ಗಲ್ಲಿಯಲ್ಲಿದ್ದರು. ಮನೆಯ ಹೊರಗೋಡೆಗೆ ಅಂಟಿಕೊಂಡಂತೆ ಹದಿನಾಲ್ಕು ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ ಇಲ್ಲ. ಪಕ್ಕದಲ್ಲೇ ಅರ್ಧ ಕಟ್ಟಿದ ಮನೆ. ಮೇಸ್ತ್ರಿ ಶನಿವಾರದಿಂದ ಬಂದಿರಲಿಲ್ಲ.

ಮನೆಯ ಯಜಮಾನಿ ಟಿವಿಯ ಸದ್ದು ತಗ್ಗಿಸಿ ಹೊರಬಂದಳು. "ಶುಕ್ರವಾರ ಐದೂವರೆಗೆ ಬಂದು ಬೀಗದ ಕೈ ಇಸ್ಕೊಂಡ್ರು. ಹೊಸ ಕನ್ನಡಕ ಹಾಕಿದ್ರು. ಚೆನ್ನಾಗಿ ಒಪ್ಪುತ್ತೆ ಅಂದೆ. ಆಮೇಲೆ ಒಬ್ಬ ಗಂಡಸು ಬಂದ. ಮೆಟ್ಟಿಲ ಮೇಲೆ ಜಗಳ."

"ನೀವೇನು ಮಾಡಿದ್ರಿ?"

"ಅಕ್ಕಾ ಅಂತಿದ್ದ ಸಾರ್. ಅಕ್ಕ ತಮ್ಮನ ಜಗಳ, ನಾವ್ಯಾಕೆ ಮಧ್ಯೆ ಹೋಗೋದು ಅಂತ ಟಿವಿ ಜೋರು ಮಾಡಿದೆ. ಆಮೇಲೆ ನೋಡಿದ್ರೆ ಯಾರೂ ಇರಲಿಲ್ಲ. ಮನೆಗೆ ಕರ್ಕೊಂಡು ಹೋಗಿರ್ಬೇಕು ಅಂದ್ಕೊಂಡೆ."

ಅರ್ಧ ಕಟ್ಟಿದ ಮನೆಯ ಮುಂದೆ ನೀರಿನ ಸಂಪು. ಮೇಲೆ ಹಲಗೆಗಳು, ಹಲಗೆಯ ಮೇಲೆ ನಾಲ್ಕು ಇಟ್ಟಿಗೆ. ಪೇದೆಯೊಬ್ಬ ಹಲಗೆ ಸರಿಸಿ, ಮುಖ ತಿರುಗಿಸಿಕೊಂಡ. ಒಣ ಸಂಪಿನ ತಳದಲ್ಲಿ ಬೂದು ಕೋಟು. ಎರಡನೇ ಗುಂಡಿ ಕೆಂಪು.

ಮಧ್ಯಾಹ್ನ ಹನ್ನೆರಡು ಮುಕ್ಕಾಲರವರೆಗೆ ಪಂಚನಾಮೆ ನಡೆಯಿತು. ಕೋಟಿನ ಜೇಬಿನಲ್ಲಿ ಬೀಗದ ಕೈ. ದೇಹದ ಕೆಳಗೆ ಒಡೆದ ಫೋನು, ಕಂದು ಫ್ರೇಮಿನ ಕನ್ನಡಕ. ಗಾಜು ಎರಡೂ ಗಟ್ಟಿಯಾಗಿದ್ದವು. ಗದ್ದದ ಕೆಳಗಿನ ಅಕ್ಕಿಕಾಳಿನಷ್ಟು ಗಾಯವನ್ನು ಕಾಲಂ ತಾನೇ ಬಗ್ಗಿ ನೋಡಿ ಬರೆದುಕೊಂಡ.

*

ಮೂರು ನಲವತ್ತಕ್ಕೆ ಪೇಂಟರನನ್ನು ಠಾಣೆಗೆ ಕರೆಸಿದರು. ಉಗುರಿನಲ್ಲಿ ಹಳದಿ ಬಣ್ಣ ಹಾಗೇ ಇತ್ತು.

"ಅಕ್ಕನ್ನ ಕೊನೇ ಸಲ ನೋಡಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಶುಕ್ರವಾರ ಬೆಳಿಗ್ಗೆ ಎಂಟು."

"ಆಮೇಲೆ?"

"ಇಲ್ಲ."

"ಕನ್ನಡಕ?"

"ಕಂದು. ನಿನ್ನೆನೇ ಹೇಳಿದ್ನಲ್ಲ ಸಾರ್."

ಇನ್‌ಸ್ಪೆಕ್ಟರ್ ಲಕೋಟೆಯಿಂದ ಕರಿಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೆಳಿಗ್ಗೆ ಎಂಟಕ್ಕೆ ಅವಳ ಮೂಗಿನ ಮೇಲಿದ್ದದ್ದು ಇದು. ದಾರ ಕಟ್ಟಿದ್ದು ನಿಮ್ಮ ತಾಯಿ. ಮೂರು ತಿಂಗಳು ನಿಮ್ಮ ಕಣ್ಣೆದುರೇ ಓಡಾಡಿದೆ. ಇದರ ಬಗ್ಗೆ ಒಂದು ಮಾತು ಹೇಳಲಿಲ್ಲ ನೀವು."

ಪೇಂಟರ್ ಅದನ್ನೇ ನೋಡಿದ. "ಇದು... ಇದು ನಾನು ನೋಡೇ ಇಲ್ಲ," ಅಂದ. ಸುಳ್ಳು ಹೇಳುತ್ತಿರಲಿಲ್ಲ.

"ಕಂದು ನೋಡಿದ್ದೆಲ್ಲಿ?"

ಪೇಂಟರ್ ಉಗುರಿನ ಹಳದಿ ಬಣ್ಣ ಕೆರೆಯತೊಡಗಿದ. ಕಾಲಂ ಪೆನ್ನು ಎತ್ತಿಕೊಂಡ.

"ವಾಪಸ್ ಬಾ ಅಂತ ಕರೆಯೋಕೇ ಹೋದದ್ದು ಸಾರ್. ಅಮ್ಮನ್ನ ಯಾರು ತೊಳೀತಾರೆ, ಯಾರು ತಿರುಗಿಸಿ ಮಲಗಿಸ್ತಾರೆ? ನನ್ನ ಹೆಂಡ್ತಿ ಮುಟ್ಟಲ್ಲ. ನನಗೆ ಹೊಟ್ಟೆ ತೊಳೆಸುತ್ತೆ. ಕೈ ಮುಗಿದೆ. ಅವಳು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ಲು. ನನ್ನ ಮುಖಾನೇ ನೋಡ್ತಾ ನಿಂತಿದ್ಲು. 'ಇವತ್ತು ನಿನ್ನ ಮುಖ ಸರಿಯಾಗಿ ಕಾಣ್ತಾ ಇದೆ ಕಣೋ. ಅಪ್ಪನೇ ಬಂದು ನಿಂತ ಹಾಗಿದೆ' ಅಂದ್ಲು. ರಟ್ಟೆ ಹಿಡಿದು ಎಳೆದೆ. ಅಷ್ಟೇ. ಹಿಡಿದುಕೊಳ್ಳೋಕೆ ಕಂಬಿ ಇರಲಿಲ್ಲ."

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?"

"ಸತ್ತೋದ್ಲು ಅಂದ್ಕೊಂಡೆ. ಸಂಪಿಗೆ ಇಳಿಸಿ ಹಲಗೆ ಮುಚ್ಚಿದೆ."

"ನಾಡಿ ನೋಡಿದ್ರಾ?"

ಕಾಲಂ ಆ ಪ್ರಶ್ನೆಯ ಪಕ್ಕ ಬರೆದುಕೊಂಡ: ಉತ್ತರವಿಲ್ಲ.

ಸಂಜೆ ಐದಕ್ಕೆ ದಸ್ತಗಿರಿಯಾಯಿತು. ಕೊಲೆ ಮತ್ತು ಸಾಕ್ಷ್ಯನಾಶದ ಕಲಂಗಳನ್ನು ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಬಿದ್ದ ಮೇಲೂ ಒಂದು ಗಂಟೆಯಾದರೂ ಉಸಿರಿತ್ತು ಎಂದು ವೈದ್ಯರು ಮರುದಿನ ಬರೆದುಕೊಟ್ಟರು. ಅವನಿಗೆ ಅಕ್ಕನ ಮೇಲೆ ದ್ವೇಷವಿರಲಿಲ್ಲ, ಅವಳಿಂದ ಕಿತ್ತುಕೊಳ್ಳುವಂಥದ್ದೂ ಏನಿರಲಿಲ್ಲ. ನಾಳೆ ಬೆಳಗ್ಗೆ ಹಿಂದಿನ ಕೋಣೆಗೆ ಯಾರು ಹೋಗಬೇಕು ಎಂಬ ಒಂದು ಪ್ರಶ್ನೆಗೆ 'ನಾನು' ಅನ್ನಲಾಗದೆ ಅವಳ ರಟ್ಟೆಗೆ ಕೈ ಹಾಕಿದ್ದ. ಅಕ್ಕನ ಮುಖವನ್ನು ಅವನು ಕಣ್ಣಿಟ್ಟು ನೋಡಿದ್ದು ಅದೊಂದೇ ಸಲ. ಅದಕ್ಕೇ ಚುಕ್ಕಿ ಕೂಡ ನೆನಪಿತ್ತು.

*

ಬುಧವಾರ ಮಧ್ಯಾಹ್ನ ಮುದುಕಿಯ ಹೇಳಿಕೆ ಪಡೆಯಲು ಕಾಲಂ ಮತ್ತೆ ಆ ಮನೆಗೆ ಹೋದ. ತಂಗಿ ಬೆಳಗ್ಗೆ ಮಣ್ಣು ಮಾಡುವಲ್ಲಿಗೆ ಬಂದು, ಎಲ್ಲರಿಗಿಂತ ಜೋರಾಗಿ ಅತ್ತು, ತನ್ನ ಮನೆ ಚಿಕ್ಕದು ಎಂದು ಯಾರೂ ಕೇಳದೆಯೇ ಹೇಳಿ ಹೋಗಿದ್ದಳು. ಪೇಂಟರನ ಹೆಂಡತಿ ಬಾಗಿಲಲ್ಲೇ ಸಿಕ್ಕಳು.

"ಅತ್ತೆ ಮಾತ್ರೆ ಮುಗಿದಿದೆ ಸಾರ್. ಅಂಗಡಿಗೆ ಹೋಗಿ ಬರ್ತೀನಿ. ಐದೇ ನಿಮಿಷ. ಅಲ್ಲೀವರೆಗೆ ಕೂತಿರ್ತೀರಾ?"

"ಹೋಗಿ ಬನ್ನಿ."

ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಈ ಸಲ ಕಾಲಂ ಕಣ್ಣು ಬಿಟ್ಟು ನೋಡಿದ. ಹಸಿರು ಚಪ್ಪಲಿ, ಎಡಗಡೆ ಪಟ್ಟಿಗೆ ಪಿನ್ನು. ಹೆಗಲಲ್ಲಿ ಚೀಲ.

ಮುದುಕಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೇಳಿಕೆ ಒಂದೇ ಪುಟಕ್ಕೆ ಮುಗಿಯಿತು. "ಟ್ರಂಕು ಹೊತ್ತುಕೊಂಡು ಹೋಗು ಅಂದೆ," ಅಂದಳು. "ಅದನ್ನೂ ಬರಕೋ."

ಬರೆದುಕೊಂಡ. ಗೋಡೆಯ ಗಡಿಯಾರದಲ್ಲಿ ಮೂರು ಹತ್ತಾಯಿತು, ಮೂರೂವರೆಯಾಯಿತು. ಬೀದಿಯಲ್ಲಿ ಚಪ್ಪಲಿಯ ಸದ್ದಾದಾಗಲೆಲ್ಲ ಕಾಲಂ ಕಿವಿಗೊಟ್ಟ. ಸದ್ದು ಮುಂದೆ ಹೋಗುತ್ತಿತ್ತು.

"ಚೀಲ ಎಷ್ಟು ದೊಡ್ಡದಿತ್ತು?" ಮುದುಕಿ ತಿರುಗದೆಯೇ ಕೇಳಿದಳು.

ಕಾಲಂ ಎರಡೂ ಕೈ ಅಗಲಿಸಿ ತೋರಿಸಹೋದವನು, ಅವಳಿಗೆ ಕಾಣುವುದಿಲ್ಲವೆಂದು ಕೈ ಇಳಿಸಿದ. "ದೊಡ್ಡದು," ಅಂದ.

"ಮಾತ್ರೆ ಡಬ್ಬಿ ಆ ಗೂಡಲ್ಲಿದೆ. ತುಂಬಿದೆ."

ನಾಲ್ಕು ಗಂಟೆಗೆ ಕಾಲಂ ಟೋಪಿ ತೆಗೆದು ಟ್ರಂಕಿನ ಮೇಲಿಟ್ಟ. ಅಂಗಿಯ ತೋಳು ಮಡಿಚಿ ಬಚ್ಚಲಿಗೆ ಹೋಗಿ, ಬಕೆಟ್ಟಿಗೆ ನೀರು ಬಿಟ್ಟ. ತುಂಬುವವರೆಗೂ ಸೊಸೆ ಬರುತ್ತಾಳೇನೋ ಎಂದು ಬಾಗಿಲ ಕಡೆ ನೋಡುತ್ತ ನಿಂತ. ಬರಲಿಲ್ಲ.